ಬೆನ್ನಿನ ಮೇಲಿನ ಕೆಸರುಗೆರೆ

ಅವರ ಬೆನ್ನಿನ ಮೇಲೆ, ಸೊಂಟದಿಂದ ಕತ್ತಿನವರೆಗೆ, ಎರಡು ಬೆರಳಗಲದ ಒಂದು ಕೆಸರಿನ ಗೆರೆ ಇರುತ್ತಿತ್ತು. ಬಿಳಿ ಬನಿಯನ್ನಿನ ಮೇಲೆ ಅಷ್ಟು ನೇರವಾದ ಗೆರೆಯನ್ನು ಬೇಕೆಂದು ಎಳೆದರೂ ಎಳೆಯಲಾಗುತ್ತಿರಲಿಲ್ಲ. ಮಳೆಗಾಲದ ಶುಕ್ರವಾರಗಳಂದು, ಊಟದ ಹೊತ್ತಿಗೆ, ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಲುಂಗಿ ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ದಪ್ಪ ಟೈರಿನ ಗೇರ್ ಸೈಕಲ್ ತುಳಿಯುತ್ತ ವರ್ತಕ ನಗರದ ರಸ್ತೆಯಲ್ಲಿ ಬರುತ್ತಿದ್ದ ಐವತ್ತು ದಾಟಿದ ಆ ಮನುಷ್ಯನನ್ನು ಜನ ಗುರುತಿಸುತ್ತಿದ್ದದ್ದು ಮುಖದಿಂದಲ್ಲ, ಆ ಗೆರೆಯಿಂದ.

ಮಳೆ ಶುರುವಾಗುತ್ತಲೇ ಅವರು ಸೈಕಲ್ಲಿನ ಮಡ್‌ಗಾರ್ಡುಗಳನ್ನು ಬಿಚ್ಚಿ ಅಟ್ಟಕ್ಕೆ ಹಾಕುತ್ತಿದ್ದರು. ಮತ್ತೆ ಹಾಕುವುದು ದೀಪಾವಳಿಗೆ. ನನಗೆ ಅದು ವಿಚಿತ್ರವಾಗಿ ಕಂಡಿತ್ತು. ಮಡ್‌ಗಾರ್ಡ್ ಇರುವುದೇ ಮಳೆಗಾಲಕ್ಕಲ್ಲವೇ?

"ರಸ್ತೆಯಲ್ಲಿ ಹೋಗುವವರಿಗೆ ಅದು," ಎಂದರು. "ಗುಡ್ಡೆಯ ಮಣ್ಣು ಅದರೊಳಗೆ ಕೂತ್ರೆ ಚಕ್ರವೇ ತಿರುಗುದಿಲ್ಲ ಮಾರಾಯ. ಬೆನ್ನು ತೊಳಿಲಿಕ್ಕೆ ಆಗ್ತದೆ."

ಅವರು ವಾಗ್ಳೆ ಕೈಗಾರಿಕಾ ಎಸ್ಟೇಟಿನ ಅಂಚಿನಲ್ಲಿದ್ದ ಒಂದು ಉಡುಪಿ ಹೋಟೆಲ್ಲಿನ ಅಡಿಗೆ ಭಟ್ಟರು. ನಮ್ಮ ಕಡೆಯ ಕಾರ್ಖಾನೆಗಳಿಗೆಲ್ಲ ಆಗ ಶುಕ್ರವಾರವೇ ವಾರದ ರಜೆ. ಕಾರ್ಖಾನೆಯವರು ಬಾರದ ದಿನ ಹೋಟೆಲ್ಲಿಗೂ ರಜೆ. ಉಳಿದ ಕೆಲಸಗಾರರು ಮಲಗಿ ನಿದ್ದೆ ಹೊಡೆಯುತ್ತಿದ್ದರೆ ಭಟ್ಟರು ಉಪವನ ಕೆರೆಯ ಪಕ್ಕದಿಂದ ಯೇವೂರಿನ ಗುಡ್ಡ ಹತ್ತುತ್ತಿದ್ದರು. ಡಾಂಬರು ರಸ್ತೆ ಬಿಟ್ಟು ಕಾಡಿನೊಳಗಿನ ಕಾಲುದಾರಿ ಹಿಡಿಯುವುದು, ಅದೂ ಮಳೆಯಲ್ಲಿ. ಕೇಳಿದರೆ ಒಂದೇ ಉತ್ತರ: "ಆರು ದಿನ ಹಬೆ. ಒಂದು ದಿನವಾದ್ರೂ ಮೈ ತಣ್ಣಗಾಗುದು ಬೇಡ್ವಾ?"

ಅವರ ಹಿಂದೆ ನಾನೂ ಹೋಗಲು ಶುರು ಮಾಡಿದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ಆಗಷ್ಟೇ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಕೆಲಸ ಸಿಕ್ಕಿ ಸೈಕಲ್ ಕೊಂಡಿದ್ದೆ. ಅವರನ್ನು ನೋಡಿ ಅದರ ಮಡ್‌ಗಾರ್ಡುಗಳನ್ನೂ ಬಿಚ್ಚಿದ್ದೆ. ನನ್ನ ಅಮ್ಮನ ತವರೂ ಭಟ್ಟರ ಊರೂ ಅಕ್ಕಪಕ್ಕ. ಆ ಸಲಿಗೆಯಿಂದ ಅವರು ಅಮ್ಮನನ್ನು 'ಅಕ್ಕ' ಎನ್ನುತ್ತಿದ್ದರು. ಅಪ್ಪ ಇಲ್ಲದ ಮನೆಗೆ ಆಗಾಗ ಬಂದು ಬಾಗಿಲಲ್ಲೇ ನಿಂತು ಕ್ಷೇಮ ವಿಚಾರಿಸಿ ಹೋಗುತ್ತಿದ್ದರು. ಒಳಗೆ ಕರೆದರೆ, "ಕಾಲೆಲ್ಲ ಕೆಸರು ಅಕ್ಕ," ಎನ್ನುವುದು. ಕಾಲು ಒಣಗಿದ್ದ ದಿನವೂ ಅದೇ ಮಾತು.

ಕೆಸರನ್ನು ಅವರು ಅಡಿಗೆಯವರ ಕಣ್ಣಿನಿಂದಲೇ ನೋಡುತ್ತಿದ್ದರು. ಸವೆದುಹೋದ ಒಂದು ದೊಡ್ಡ ಸಟ್ಟುಗದ ಹಿಡಿಯನ್ನು ಸೈಕಲ್ಲಿನ ದಂಡಿಗೆ ಕಟ್ಟಿಕೊಂಡಿದ್ದರು. ದಾರಿಯಲ್ಲಿ ಅನುಮಾನ ಬಂದಲ್ಲಿ ಇಳಿದು ಅದನ್ನು ಮಣ್ಣಿಗೆ ಚುಚ್ಚಿ ಎತ್ತಿ, ಇಳಿಯುವ ಕೆಸರನ್ನು ನೋಡುತ್ತಿದ್ದರು. ನೀರುದೋಸೆ ಹಿಟ್ಟಿನ ಹಾಗೆ ಸುರಿದರೆ ಅಡಿಯಲ್ಲಿ ಕಲ್ಲು ಇದೆ, ಧೈರ್ಯವಾಗಿ ಹೋಗು. ಉದ್ದಿನ ದೋಸೆಯ ಹಿಟ್ಟಾದರೆ ಹಗುರ ಗೇರಿಗೆ ಹಾಕಿ ಬ್ರೇಕ್ ಮುಟ್ಟದೆ ದಾಟು. ಇಡ್ಲಿ ಹಿಟ್ಟಾದರೆ ಇಳಿ, ತಳ್ಳಿಕೊಂಡು ಹೋಗು. ವಡೆ ಹಿಟ್ಟಾದರೆ ಸೈಕಲ್ಲನ್ನು ಹೆಗಲಿಗೆ ಹಾಕಿಕೋ. ನಾನು ನಗುತ್ತಿದ್ದೆ. ಆದರೆ ಮೂರು ಮಳೆಗಾಲದಲ್ಲಿ ಅವರ ಲೆಕ್ಕ ತಪ್ಪಿದ್ದನ್ನು ನಾನು ನೋಡಲಿಲ್ಲ.

ನನ್ನ ಟೈರನ್ನು ಹೆಬ್ಬೆರಳಿನಿಂದ ಒತ್ತಿ, ಮಾತಿಲ್ಲದೆ ಅರ್ಧ ಗಾಳಿ ಬಿಟ್ಟುಬಿಡುತ್ತಿದ್ದರು. ಟೈರು ಕಲ್ಲಿನಂತೆ ಗಟ್ಟಿ ಇರಬೇಕೆಂದು ಮೈಮುರಿದು ಪಂಪು ಹೊಡೆದುಕೊಂಡು ಬಂದಿರುತ್ತಿದ್ದ ನನಗೆ ಸಿಟ್ಟು ಬರುತ್ತಿತ್ತು. "ಮೆತ್ತಗಿದ್ರೆ ಹಿಡಿತ. ಗಟ್ಟಿಯಿದ್ದವ ಜಾರ್ತಾನೆ," ಎಂದು ಅವರು ನಗುತ್ತಿದ್ದರು.

ಅವರು ನಿಜವಾಗಿ ಹೆದರುತ್ತಿದ್ದದ್ದು ದಸರಾದ ಹೊತ್ತಿನ ಕೆಸರಿಗೆ. ಇಲ್ಲಿಯ ಮರಾಠಿ ಜನ 'ಪರತೀಚಾ ಪಾವೂಸ್' ಎನ್ನುವ, ಹಿಂದಿರುಗಿ ಹೋಗುವ ಮಳೆ ಅದು. ಮಧ್ಯಾಹ್ನ ಗುಡುಗಿ ಸುರಿಯುತ್ತದೆ, ಮರುದಿನ ಬೆಳಿಗ್ಗೆ ಚುರುಕು ಬಿಸಿಲು. ನೆಲದ ಮೇಲ್ಪದರ ಒಣಗಿ ಬಿಳಚಿಕೊಳ್ಳುತ್ತದೆ, ಒಳಗೆ ಮೊಣಕಾಲಿನವರೆಗೆ ಹಸಿ. ಭಟ್ಟರು ಅದಕ್ಕೆ 'ಕೆನೆ ಕಟ್ಟಿದ್ದು' ಎನ್ನುತ್ತಿದ್ದರು. "ಜುಲೈಯ ಕೆಸರು ಕಣ್ಣಿಗೆ ಕಾಣ್ತದೆ, ಅದರದ್ದು ಹೆದರಿಕೆ ಇಲ್ಲ. ಕೆನೆ ಕಟ್ಟಿದ್ದನ್ನು ಮಾತ್ರ ಚುಚ್ಚಿ ನೋಡದೆ ನಂಬಬೇಡ."

ಅಂಥದೇ ಒಂದು ಶುಕ್ರವಾರ ನಮ್ಮ ಮನೆಗೆ ನನ್ನ ಅಕ್ಕನಿಗೆ ಗೊತ್ತಾದ ಹುಡುಗ ಬಂದ. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವನು, ಅಲ್ಲಿಯ ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್. ಕನ್ನಡ ಅರ್ಥವಾಗುತ್ತಿತ್ತು, ಬಾಯಿ ಬಿಟ್ಟರೆ ಮರಾಠಿ. ಅದಕ್ಕೂ ಮುಂಚೆ ಅಕ್ಕನಿಗೆ ಎರಡು ಸಂಬಂಧ ಮಾತುಕತೆ ಮುಗಿದ ಮೇಲೆ ತಪ್ಪಿಹೋಗಿದ್ದವು. ಎರಡನೆಯದು ತಪ್ಪಿದ ಮೇಲೆ ಅಕ್ಕ ಮದುವೆ ಮನೆಗಳಿಗೆ ಬರುವುದನ್ನೇ ಬಿಟ್ಟಿದ್ದಳು. ಈ ಹುಡುಗನನ್ನು ನೋಡಿ ಅವಳು ಬಾಯಿಬಿಟ್ಟು "ನನಗೆ ಒಪ್ಪಿಗೆ" ಎಂದಿದ್ದಳು. ಎಂಟು ದಿನದಲ್ಲಿ ನಿಶ್ಚಿತಾರ್ಥ. ಹುಡುಗನ ತಂದೆ ಮಹಾ ಮುಂಗೋಪಿ ಎಂದು ಕೇಳಿ, ಅಮ್ಮ ಮನೆಯಲ್ಲಿ ಪಾತ್ರೆಯನ್ನೂ ಸದ್ದಾಗದಂತೆ ಇಡುತ್ತಿದ್ದಳು.

ಹುಡುಗನಿಗೆ ಗುಡ್ಡ ನೋಡಬೇಕಂತೆ. ಸೈಕಲ್ ತುಳಿಯಬೇಕಂತೆ. ಭಟ್ಟರು ಹಿಂದೆಮುಂದೆ ನೋಡದೆ ತಮ್ಮ ಸೈಕಲ್ಲನ್ನೇ ಅವನಿಗೆ ಕೊಟ್ಟು, "ನಾನು ನಡಕೊಂಡು ಬರ್ತೇನೆ," ಎಂದರು. ಸಟ್ಟುಗದ ಹಿಡಿಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. "ಎಲ್ಲಿ ನೆಲ ಬಿಳಚಿ ಕಾಣ್ತದೋ ಅಲ್ಲಿ ನಿಲ್ಲು. ಚುಚ್ಚಿ ನೋಡು. ಇಲ್ಲದಿದ್ರೆ ನಾನು ಬರುವಲ್ಲಿವರೆಗೆ ಕಾಯಿ."

ನಾನು ಕಾಯಲಿಲ್ಲ. ಭಾವನಾಗುವವನ ಎದುರು ಇಪ್ಪತ್ತೆರಡರ ಹುಡುಗನೊಬ್ಬ ಸೈಕಲ್ಲಿನಿಂದ ಇಳಿದು ಸಟ್ಟುಗದ ಹಿಡಿಯಿಂದ ನೆಲ ಚುಚ್ಚುವುದೇ? ಇಳಿಜಾರಿನ ಕೆಳಗೆ ದಾರಿ ಒಣಗಿದಂತೆ ಕಂಡಿತು. ನಾನು ಅಂಚಿನ ಕಲ್ಲುಗಳ ಮೇಲೆ ಹಾರಿಸಿಕೊಂಡು ದಾಟಿದೆ. ಆ ಅಂಚಿನ ಗುಟ್ಟು ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ತಿರುಗಿ ಕೈಬೀಸಿ, "ಯಾ, ಯಾ, ಸುಕಾ ಆಹೆ! ಒಣಗಿದೆ, ಜೋರಾಗಿ ಬನ್ನಿ!" ಎಂದು ಕೂಗಿದೆ. ಮೇಲಿನಿಂದ ಭಟ್ಟರ ದನಿ ಕೇಳಿಸಿತು: "ನಿಲ್ಲಿ! ಚುಚ್ಚಿ ನೋಡಿದ್ಯಾ?" ಕೇಳಿಸದವನಂತೆ ನಾನು ಇನ್ನೊಮ್ಮೆ ಕೈಬೀಸಿದೆ.

ಅವನು ಬಂದ, ನಡುಮಧ್ಯದಲ್ಲಿ. ಮುಂದಿನ ಚಕ್ರ ಅರ್ಧಕ್ಕೆ ಹೂತು ಅಲ್ಲೇ ನಿಂತಿತು. ಅವನು ನಿಲ್ಲಲಿಲ್ಲ. ಹ್ಯಾಂಡಲ್ಲಿನ ಮೇಲಿಂದ ಹಾರಿ ಮುಖ ಅಡಿಯಾಗಿ ಬಿದ್ದ. ಬಿದ್ದವನು ಅಲುಗಾಡಲಿಲ್ಲ.

ನನಗೆ ಮೊದಲು ನೆನಪಾದದ್ದು ಅಕ್ಕ, ಬೆಳಿಗ್ಗೆ ಅವನಿಗೆಂದು ಅವಲಕ್ಕಿ ಕಲಸುತ್ತಿದ್ದ ಅವಳ ಮುಖ.  ಕುತ್ತಿಗೆ ಮುರಿದಿದ್ದರೆ ಎಂದು ಮುಟ್ಟಲೂ ಹೆದರಿ ನಿಂತುಬಿಟ್ಟೆ. ಆ ದಪ್ಪ ಹೊಟ್ಟೆಯ ಭಟ್ಟರು ಇಳಿಜಾರಿನಲ್ಲಿ ಓಡಿ ಬಂದು, ಕೆಸರಿನಲ್ಲಿ ಮಂಡಿಯೂರಿ, ಅವನ ಮುಖವನ್ನು ಮೆಲ್ಲಗೆ ಪಕ್ಕಕ್ಕೆ ತಿರುಗಿಸಿದರು. ಬಾಯಿಂದ ಒಂದಿಷ್ಟು ಮಣ್ಣು ಉಗುಳಿ ಅವನು ಹೇಳಿದ ಮೊದಲ ಮಾತು:

"ಮಾಝಾ ಚಷ್ಮಾ ಕುಠೆ ಆಹೆ?"

ನನ್ನ ಕನ್ನಡಕ ಎಲ್ಲಿ ಎಂದು ಕೇಳಬಲ್ಲವನ ಕುತ್ತಿಗೆ ಗಟ್ಟಿಯಾಗಿಯೇ ಇದೆ!  ಅತ್ತೆನೋ ನಕ್ಕೆನೋ ನೆನಪಿಲ್ಲ, ಎರಡೂ ಇರಬೇಕು. ಭಟ್ಟರು ಅವನ ಭುಜ, ಮಣಿಕಟ್ಟು, ಬೆರಳು ಒಂದೊಂದಾಗಿ ಒತ್ತಿ ನೋಡಿ, "ಎಲುಬು ಸರಿ ಉಂಟು. ಬಲಗೈಯ ಒಂದು ಬೆರಳು ಉಳುಕಿದೆ, ಅಷ್ಟೆ. ಇಡ್ಲಿ ಹಿಟ್ಟಾದ ಕಾರಣ ಬಚಾವು," ಎಂದರು. ಆಮೇಲೆ ಮೊಣಕೈವರೆಗೆ ಕೆಸರಿನೊಳಗೆ ತೋಳು ಇಳಿಸಿ, ಹಿಟ್ಟು ಕಲಸುವ ಹಾಗೆ ತಡಕಿ, ಒಂದು ಗಾಜು ಹೋದ ಕನ್ನಡಕವನ್ನು ಮೇಲೆತ್ತಿದರು.

ಗುಡ್ಡ ಇಳಿಯುವಾಗ ಅವರು ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೆರೆಯ ಹತ್ತಿರ ನಿಂತು ನಮ್ಮಿಬ್ಬರಿಗೂ ಹೇಳಿದರು: "ಮನೆಯಲ್ಲಿ ಮಾತಾಡುದು ನಾನು. ನೀವಿಬ್ರೂ ಬಾಯಿ ಬಿಡ್ಬೇಡಿ. ಹುಡುಗಿಯ ತಮ್ಮ ಮದುಮಗನನ್ನು ಬೀಳಿಸಿದ ಅಂತಾದ್ರೆ ಸಂಬಂಧ ಕೆಡ್ತದೆ. ಅಡಿಗೆ ಭಟ್ಟ ಬೀಳಿಸಿದ ಅಂತಾದ್ರೆ ಅಡಿಗೆ ಭಟ್ಟ ಬದಲಾಗ್ತಾನೆ. ಅಷ್ಟೇ ಅಲ್ವಾ?"

ಅಕ್ಕನ ಮದುವೆಯ ಅಡಿಗೆಗೆ ಅವರನ್ನೇ ಹೇಳಿಯಾಗಿತ್ತು. ತಿಂಗಳಿಂದ ಅವರು ಆ ಊಟದ ಬಗ್ಗೆ ಮಾತಾಡುತ್ತಿದ್ದರು. ಯಾವ ಕಾಯಿಹುಳಿ, ಎಷ್ಟು ಬಗೆ ಪಲ್ಯ, ಹೋಳಿಗೆಗೆ ಎಲ್ಲಿಯ ಬೆಲ್ಲ. ಹೋಟೆಲ್ಲಿನಲ್ಲಿ ದಿನವೂ ಅದೇ ಇಡ್ಲಿ ಸಾಂಬಾರು ಮಾಡುವ ಮನುಷ್ಯನಿಗೆ ಅದು ಎಷ್ಟು ದೊಡ್ಡದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡೆ.

ಬಾಗಿಲಲ್ಲಿ ಅಮ್ಮ, ಅವಳ ಹಿಂದೆ ಅಕ್ಕ. ಭಟ್ಟರು ಹುಡುಗನ ಕೈ ಹಿಡಿದು ಮೆಟ್ಟಿಲು ಹತ್ತಿಸಿ ಹೇಳಿದರು: "ತಪ್ಪು ನನ್ನದು ಅಕ್ಕ. ನಾನು ಮುಂದೆ ಸೈಕಲ್ಲಲ್ಲಿ ಹೋಗಿ ಬನ್ನಿ ಬನ್ನಿ ಅಂತ ಕರೆದೆ. ಇವರು ನಂಬಿ ಬಂದ್ರು." ಅಷ್ಟು ಹೇಳಿ ತಿರುಗಿ ಇಳಿದು ಹೋದರು. ಅಮ್ಮ ಅವರು ಹೋಗುವುದನ್ನೇ ಸುಮಾರು ಹೊತ್ತು ನೋಡುತ್ತ ನಿಂತಳು. ಸಿಟ್ಟೆಂದುಕೊಂಡೆ.

ನಿಶ್ಚಿತಾರ್ಥದ ದಿನ ಹುಡುಗನ ಉಂಗುರದ ಬೆರಳು ಗುಳ್ಳ ಬದನೆಯಂತೆ ಊದಿತ್ತು. ಉಂಗುರ ಕಿರುಬೆರಳಿಗೆ ಹೋಯಿತು. ಅವನ ತಂದೆ ಎಲ್ಲರೆದುರು ಹೇಳಿದರು: "ಆ ಭಟ್ಟ ನನ್ನ ಮಗನ ಮದುವೆಯ ಅಡಿಗೆಮನೆಗೆ ಕಾಲಿಡಬಾರದು." ಬೇರೇನೂ ಅನ್ನಲಿಲ್ಲ. ಸಂಬಂಧ ಉಳಿಯಿತು. ಆ ಹೊತ್ತಿಗೆ ನನಗಾದ ನೆಮ್ಮದಿಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮದುವೆಗೆ ಭಟ್ಟರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಪಂಕ್ತಿಯಲ್ಲಿ ಕೂತು ಊಟ ಮಾಡಿದರು. ಬೇರೆಯವರು ಮಾಡಿದ ಸಾರು ಉಪ್ಪುಪ್ಪಾಗಿತ್ತು. ಎರಡನೆಯ ಸಲ ಕೇಳಿ ಹಾಕಿಸಿಕೊಂಡು, "ಚಂದ ಆಗಿದೆ," ಎಂದರು. ಹೊಸ ಭಾವ ಬಾಸಿಂಗ ಕಟ್ಟಿಕೊಂಡೇ ಬಂದು ಅವರ ಎಲೆಗೆ ಪಾಯಸ ಬಡಿಸಿದ. ಅವನ ತಂದೆ ಹುಬ್ಬು ಗಂಟಿಕ್ಕಿದರು. ಭಟ್ಟರು ತಲೆ ಎತ್ತದೆ ಉಂಡರು.

ಆಮೇಲೂ ನಾವು ಶುಕ್ರವಾರಗಳಂದು ಗುಡ್ಡ ಹತ್ತಿದೆವು. ಒಮ್ಮೆ ಧೈರ್ಯ ಮಾಡಿ, "ಭಟ್ರೇ, ಅಮ್ಮನಿಗೆ ನಿಜ ಹೇಳ್ಲಾ?" ಎಂದೆ. "ನಿಂಗೆ ಹೇಳ್ದೆ ಇರ್ಲಿಕ್ಕೆ ಆಗದಿದ್ದ ದಿನ ಹೇಳು," ಎಂದು ಅವರು ಕೆಸರಿಗೆ ಹಿಡಿ ಚುಚ್ಚಿದರು. ಆ ದಿನ ಬೇಗ ಬರಲಿಲ್ಲ. ಹೋಟೆಲ್ಲು ಕೈ ಬದಲಾದಾಗ ಅವರು ಊರಿಗೆ ಹೋದರು. ಸಟ್ಟುಗದ ಹಿಡಿಯನ್ನು ನನಗೆ ಬಿಟ್ಟು ಹೋದರು. ಕೆಲವು ವರ್ಷಗಳ ನಂತರ, ಮಳೆ ಮುಗಿಯುವ ಕಾಲದಲ್ಲೇ, ಊರಿನಿಂದ ಬಂದ ಒಬ್ಬರು ಅವರು ತೀರಿಕೊಂಡ ಸುದ್ದಿ ಹೇಳಿದರು. ನಿದ್ದೆಯಲ್ಲೇ ಹೋದರಂತೆ.

ಆ ಸಂಜೆ ಅಮ್ಮ ಅಕ್ಕಿ ಆರಿಸುತ್ತಿದ್ದಳು. ಎದುರು ಕೂತು ಹೇಳಿಬಿಟ್ಟೆ. "ಅಮ್ಮ, ಅವತ್ತು ಭಾವನನ್ನು ಕರೆದದ್ದು ನಾನು. ಭಟ್ರಲ್ಲ."

ಅಮ್ಮ ಮೊರ ಕೆಳಗಿಡಲಿಲ್ಲ. "ಗೊತ್ತುಂಟು," ಎಂದಳು.

"ಯಾರು ಹೇಳಿದ್ರು? ಭಾವನಾ?"

"ಯಾರೂ ಹೇಳ್ಲಿಲ್ಲ. ನಾನೇ ಸೈಕಲ್ಲಲ್ಲಿ ಮುಂದೆ ಹೋದೆ ಅಂತ ಹೇಳಿ ಅವ್ರು ಮೆಟ್ಟಿಲು ಇಳಿದು ಹೋದ್ರಲ್ಲ, ಆಗ ನೋಡಿದೆ. ಮೊಣಕಾಲು, ಕೈ ಎಲ್ಲ ಕೆಸರು. ಬೆನ್ನಿನ ಮೇಲೆ ಮಾತ್ರ ಒಂದು ಹನಿ ಇಲ್ಲ." ಅಕ್ಕಿಯಲ್ಲಿದ್ದ ಕಲ್ಲೊಂದನ್ನು ಹೆಕ್ಕಿ ಪಕ್ಕಕ್ಕಿಟ್ಟಳು. "ನಿನ್ನ ಅಂಗಿ ಒಗೆದದ್ದು ನಾನಲ್ವಾ? ಆ ಗೆರೆ ಮೂರು ಸಲ ಉಜ್ಜಿದ್ರೂ ಹೋಗ್ಲಿಲ್ಲ."

ಇಷ್ಟು ವರ್ಷ ತಾನು ಯಾಕೆ ಸುಮ್ಮನಿದ್ದೆನೆಂದು ಅವಳೇ ಹೇಳಿದಳು: "ಅವ್ರು ಹೊತ್ತುಕೊಂಡದ್ದನ್ನು ನಾನು ಹೇಗೆ ಇಳಿಸುದು? ಇಳಿಸ್ಬೇಕಾದವ ನೀನು. ಮದುವೆ ಮುಗಿದ ಮರುದಿನವೇ ಹೋಟೆಲ್ಲಿಗೆ ಹೋಗಿ ಅವ್ರ ಕಾಲಿಗೆ ಬಿದ್ದು ಬಂದೆ ನಾನು. ಅವನೇ ಹೇಳುವ ದಿನ ಬರ್ತದೆ, ಅಲ್ಲಿವರೆಗೆ ಅವನಿಗೆ ಬೈಬೇಡಿ ಅಕ್ಕ ಅಂತ ನನ್ನ ಹತ್ರ ಮಾತು ತಕೊಂಡಿದ್ರು."

ಕೂತಲ್ಲೇ ಅಳು ಬಂತು. ಅಮ್ಮ ಮೊರವನ್ನು ನನ್ನ ಕಡೆ ಸರಿಸಿ, "ಅಳುತ್ತಾ ಕೂರ್ಬೇಡ, ಕಲ್ಲು ಆರಿಸು," ಎಂದಳು.