ಚಿಕ್ಕಮ್ಮ ಅತ್ತುಕೊಂಡೇ ಇಸ್ತ್ರಿ ಮಾಡಿದಳು

ಚಿಕ್ಕಪ್ಪ ತೀರಿಹೋದಮೇಲೆ ಚಿಕ್ಕಮ್ಮನಿಗೆ ಬುದ್ಧಿ ಹೇಳದವರೇ ಪಾಪಿಗಳು. ಓಣಿಯಲ್ಲಿ ಯಾರು ಎದುರಾದರೂ ಅದೇ ರಾಗ: ಧೈರ್ಯ ತಂದುಕೋ, ಮರೆತುಬಿಡು, ನಗುನಗುತ್ತಾ ಇರು. ಅಯ್ಯೋ, ಮರೆತು ಬರುವುದಕ್ಕೆ ಚಿಕ್ಕಪ್ಪನೇನು ಕೊಡೆಯೇ?

ನಾವಿಬ್ಬರೂ ಒಂದೇ ಲಾಂಡ್ರಿಯಲ್ಲಿ ಕೆಲಸ ಮಾಡುವವರು. ಅವಳು ಇಸ್ತ್ರಿ ಮಾಡುತ್ತಾಳೆ, ನಾನು ಮಡಚಿ ಕಾಗದ ಸುತ್ತುತ್ತೇನೆ. ಅವಳ ಮೇಜು ಬಾಗಿಲ ಪಕ್ಕದಲ್ಲೇ, ಬೆಳಕಿಗೆ; ಬಂದವರಿಗೆಲ್ಲ ಕಾಣುತ್ತಾಳೆ. ಗಂಡಸರ ಅಂಗಿ ಕೈಗೆ ಬಂದರೆ ಸಾಕು, ಕಣ್ಣು ತುಂಬಿ ಬರುತ್ತಿತ್ತು. ಮೊದಲು ಕಾಲರಿನ ಒಳಮಗ್ಗುಲು, ಆಮೇಲೆ ಹೆಗಲು, ತೋಳು ಎಂದು ಕೈ ತನ್ನ ಪಾಡಿಗೆ ನಡೆಯುತ್ತಿತ್ತು; ಕಣ್ಣೀರು ಅದರ ಪಾಡಿಗೆ. ಒಂದು ಅಂಗಿಯೂ ಕೆಡಲಿಲ್ಲ. "ಹೇಗಿದ್ರೂ ಬಟ್ಟೆಗೆ ನೀರು ಚಿಮುಕಿಸ್ಬೇಕಲ್ಲೇ," ಎಂದು ಅವಳೇ ನನ್ನನ್ನು ನಗಿಸುತ್ತಿದ್ದಳು.

ಮಾಲೀಕರಿಗೆ ಮಾತ್ರ ಮೈಯೆಲ್ಲ ಉರಿ. "ನೋಡಮ್ಮಾ, ಗಿರಾಕಿಗಳು ಬರೋ ಜಾಗ ಇದು. ಮುಖ ನಗ್ತಾ ಇಟ್ಕೊಂಡ್ರೆ ಇಲ್ಲಿರು, ಇಲ್ಲಾಂದ್ರೆ ಬೇರೆ ಕಡೆ ನೋಡ್ಕೋ," ಎಂದುಬಿಟ್ಟರು. ಮನೆಯಲ್ಲಿ ಈಗ ಅವಳೊಬ್ಬಳೇ. ಗೋಡೆ ನೋಡುತ್ತ ಕೂರದಂತೆ ಅವಳನ್ನು ಉಳಿಸಿದ್ದು ಈ ಮೇಜೇ. ಅದೂ ಹೋದರೆ ಗತಿಯೇನು? ಹಲ್ಲು ಕಚ್ಚಿ ನಕ್ಕಳು.

ವಾರ ಕಳೆಯುವುದರೊಳಗೆ ಬಿಳಿ ಅಂಗಿಯೊಂದರ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆ ಹಾಗೇ ನಿಂತುಬಿಟ್ಟಿತು. ಅಳು ತಡೆಯುವುದರಲ್ಲೇ ಅವಳ ಗಮನವೆಲ್ಲ ಹೋಗಿತ್ತು. ಸುಟ್ಟ ವಾಸನೆ ಬಂದಮೇಲೆಯೇ ಎಚ್ಚರ. ಅವಳ ಕೈಯಿಂದ ಬಟ್ಟೆ ಸುಟ್ಟದ್ದು ಅದೇ ಮೊದಲು.

ಮಾಲೀಕರು ಹೌಹಾರಿ ಬಂದರು. "ಏನಮ್ಮಾ ಇದು? ಜ್ಞಾನ ಎಲ್ಲಿತ್ತು?"

ಚಿಕ್ಕಮ್ಮ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. "ನಗೋದರಲ್ಲಿತ್ತು ಸಾರ್. ಅತ್ಕೊಂಡು ಮಾಡಿದಾಗ ಒಂದಾದ್ರೂ ಸುಟ್ಟಿದ್ನಾ? ತಪ್ಪು ನಂದೇ, ಅಂಗಿಯವರಿಗೆ ನಾನೇ ಹೇಳ್ತೀನಿ. ಆದ್ರೆ ಇನ್ಮೇಲೆ ಅಳು ಬಂದ್ರೆ ಅಳ್ತೀನಿ."

"ಹಾಗಾದ್ರೆ ಹಿಂದಿನ ಕೋಣೆಗೆ ಹೋಗು. ಅಲ್ಲಿ ಎಷ್ಟಾದ್ರೂ ಅಳು."

"ಯಾಕೆ ಹೋಗ್ಲಿ? ಕಳ್ಳತನ ಮಾಡಿದೀನಾ? ಗಂಡನ್ನ ಕಳ್ಕೊಂಡಿದೀನಿ, ಅಳ್ತಿದೀನಿ. ಬೇಡಾಂದ್ರೆ ಈಗ್ಲೇ ಹೇಳಿ, ಹೋಗ್ತೀನಿ. ಬಚ್ಚಿಟ್ಕೊಂಡಂತೂ ಅಳಲ್ಲ."

ಶಭಾಷ್! ನಾನೂ ಮಡಚುತ್ತಿದ್ದ ಚಾದರವನ್ನು ಅಲ್ಲೇ ಎಸೆದು ಅವಳ ಪಕ್ಕ ಹೋಗಿ ನಿಂತೆ.

ಅಷ್ಟರಲ್ಲಿ ಆ ಅಂಗಿಯವರೇ, ನಿವೃತ್ತ ಮೇಷ್ಟ್ರು, ಒಳಗೆ ಬಂದರು. ಚಿಕ್ಕಮ್ಮ ಅಂಗಿಯನ್ನು ಅವರ ಮುಂದೆ ಬಿಡಿಸಿ ಹಿಡಿದಳು. "ಸುಟ್ಟುಬಿಟ್ಟೆ ಸಾರ್. ನಮ್ಮನೆಯವರು ತೀರ್ಕೊಂಡ್ರು. ಅಳು ತಡಿಯೋಕೆ ಹೋಗಿ ಹೀಗಾಯ್ತು." ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

ಮೇಷ್ಟ್ರು ಅಂಗಿಯ ಕಡೆ ನೋಡಲೇ ಇಲ್ಲ. "ಹೇಗಿದ್ರಮ್ಮಾ ಅವರು?" ಎಂದು ಕೇಳಿದರು.

ಬುದ್ಧಿ ಹೇಳಿದ ಅಷ್ಟು ಜನರಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ.

"ಅಯ್ಯೋ, ಮಹಾ ಸಿಡುಕ ಸಾರ್! ಕಾಲರ್ ಒಂಚೂರು ಮುದುರಿದ್ರೆ ಸಾಕು, ಇಸ್ತ್ರಿಯವಳ ಗಂಡ ಹೀಗೆ ಹೋಗೋದಾ ಅಂತ ಬನಿಯನ್‌ನಲ್ಲೇ ಕೂತ್ಬಿಡೋರು," ಎನ್ನುತ್ತ ಚಿಕ್ಕಮ್ಮ ಗೊಳ್ಳೆಂದು ನಕ್ಕಳು. ಕಣ್ಣಲ್ಲಿ ನೀರು ಇನ್ನೂ ಇತ್ತು. ಹಾಗೇ ಮಾಲೀಕರ ಕಡೆ ತಿರುಗಿದಳು.

"ನಗು ಬೇಕಿತ್ತಲ್ಲ ಸಾರ್? ಬಂತು. ಮುಂದಿನ ಅಂಗಿ ಕೊಡಿ."