ಬಸುರಿಗೆ ಕೂಡದು

ಮಲಪ್ರಭೆ ನಮ್ಮ ಮನೆಯ ಓಲೆಕಟ್ಟನ್ನು ಬೇಡವೆಂದು ತಿರುಗಿಸಿ ಕಳಿಸಲಿಲ್ಲ. ನಮ್ಮ ಮಾವನವರ ಕಣ್ಣು ಹೋಗಿದ್ದವು. ಅದಕ್ಕೇ ಅಂದು ಗಾಡಿ ಹೂಡಲಿಲ್ಲ. ನಡೆದದ್ದು ಇಷ್ಟು. ಜಕ್ಕಲಿಯಿಂದ ರೋಣದವರೆಗೆ ಜನ ಹೇಳುವ ಕಥೆಯೇ ಬೇರೆ. ಕೊಣ್ಣೂರಿನ ಹತ್ತಿರ ಹೊಳೆಗೆ ಕಟ್ಟನ್ನು ಬಿಟ್ಟರಂತೆ, ಅದು ಸುಳಿಯಲ್ಲಿ ಸುತ್ತಿ ಸುತ್ತಿ ಬಂದು ಮಾವನವರ ಕಾಲಿಗೇ ತಾಕಿತಂತೆ, ಹೊಳೆಗೂ ಆ ಪುಸ್ತಕದ ಬೆಲೆ ಗೊತ್ತಿತ್ತಂತೆ. ನನ್ನ ಮೊಮ್ಮಕ್ಕಳೂ ಇದನ್ನೇ ಹೇಳುತ್ತಾರೆ. ಇಷ್ಟು ವರ್ಷ ನಾನು ಸುಮ್ಮನಿದ್ದೆ. ನನ್ನನ್ನು ಕೇಳಿದವರಾದರೂ ಯಾರು?

ಮೊನ್ನೆ ಕಟ್ಟೆಯ ಮೇಲೆ ಕುಳಿತು ಮರಿಮೊಮ್ಮಗಳಿಗೆ ಬಜೆ ತೇಯುತ್ತಿದ್ದೆ. ಧಾರವಾಡದ ಕಡೆಯ ಒಬ್ಬ ಮಾಸ್ತರರು ಛತ್ರಿ ಮಡಚುತ್ತ ಅಂಗಳಕ್ಕೆ ಬಂದರು. ಬಂದವರೇ ಮೂಗೇರಿಸಿ, "ಆಹಾ, ಹಳೇ ಓಲಿಕಟ್ಟಿನ ವಾಸನಿ!" ಎಂದರು.

"ಇದು ಕೂಸಿಂದ್ರಿ," ಎಂದೆ. "ಬಜಿ ಎರಡಕ್ಕೂ ಬೇಕು. ಕಟ್ಟಿಗೆ ಹೊರಗಿನ ಹುಳದ ಕಾಟ, ಕೂಸಿಗೆ ಒಳಗಿನ ಹುಳದ್ದು."

ನಕ್ಕರು. ಒಳ್ಳೆಯ ಮನುಷ್ಯ. ನನ್ನ ಮಾತಿಗೆ ನಗುವವರೆಲ್ಲ ಒಳ್ಳೆಯವರೆಂದೇ ನನ್ನ ಲೆಕ್ಕ. ಊರೂರು ತಿರುಗಿ ಹಳೆಯ ಕಟ್ಟುಗಳನ್ನು ನೋಡಿ, ಬರೆದುಕೊಂಡು, ಛಾಪಖಾನೆಗೆ ಕೊಡುತ್ತಾರಂತೆ. ಅದಕ್ಕೆ ಸಂಶೋಧನೆ ಎನ್ನುತ್ತಾರಂತೆ.

"ಹಂಗಂದ್ರ ಏನ್ರಿ?"

"ಹುಡುಕೂದು, ಆಯಿ."

"ಏನ್ ಕಳದೈತಿ?"

"ಅದು ಸಿಕ್ಕ ಮ್ಯಾಲೇ ಗೊತ್ತಾಗೂದು."

ನನ್ನ ಹಿರಿಯ ಮೊಮ್ಮಗ ಅಟ್ಟದಿಂದ ಔಷಧದ ಕಟ್ಟನ್ನು ಇಳಿಸಿ ಅವರ ಮುಂದಿಟ್ಟ. ಮಾಸ್ತರರು ಗರಿ ಗರಿ ತಿರುವುತ್ತ ಇದು ಮೂಲವೋ ಪ್ರತಿಯೋ, ಯಾವುದರ ಜೊತೆ ತಾಳೆ ನೋಡಿದ್ದಾರೆ, ಇಲ್ಲೊಂದು ಪಾಠಾಂತರವಿದೆ ಎಂದೆಲ್ಲ ಮಾತಾಡತೊಡಗಿದರು. ಮೊಮ್ಮಗ ಎಲ್ಲ ತಿಳಿದವನ ಹಾಗೆ ತಲೆಯಾಡಿಸುತ್ತಿದ್ದ. ಅವನಿಗೆ ಏನೂ ತಿಳಿದಿರಲಿಲ್ಲ. ಸಾಲೆಯ ಹೊಸ್ತಿಲು ತುಳಿಯದ ನನಗೆ ಮಾತ್ರ ಒಂದೊಂದು ಮಾತೂ ತಿಳಿಯುತ್ತಿತ್ತು. ತೇಯುವ ಕೈ ನಿಂತಿತು.

ನಾನು ಈ ಮನೆಗೆ ಸೊಸೆಯಾಗಿ ಬಂದದ್ದು ನರಗುಂದದ ಅರಸರು ಇಂಗ್ರೇಜರ ಮೇಲೆ ತಿರುಗಿಬಿದ್ದ ಗದ್ದಲಕ್ಕಿಂತ ಕೆಲವು ವರ್ಷ ಮೊದಲು. ಆಗ ಪಡಸಾಲೆಯ ಗೂಡುಗಳಲ್ಲಿ ಕಾಳಿನ ಗಡಿಗೆಗಳ ಪಕ್ಕದಲ್ಲೇ ಓಲೆಕಟ್ಟುಗಳಿರುತ್ತಿದ್ದವು. ಉದ್ದುದ್ದ ತಾಳೆಗರಿಗಳು, ನಡುವೆ ದಾರ, ಮೇಲೆ ಕೆಳಗೆ ಎರಡು ಹಲಗೆ. ನಾನು ಬಂದ ವಾರದಲ್ಲೇ ಅಂಥದೊಂದು ಹಲಗೆ ತೆಗೆದುಕೊಂಡು ಹಾಲಿನ ಗಡಿಗೆಗೆ ಮುಚ್ಚಿದ್ದೆ. ಅಳತೆಗೆ ಸರಿಯಾಗಿ ಕೂತಿತ್ತು ಕೂಡ. ನಮ್ಮ ಅತ್ತೆ ಅದನ್ನು ನೋಡಿ, "ನಿಮ್ಮ ತವರಮನ್ಯಾಗ ಪುಸ್ತಕ ಅಂದ್ರ ಏನಂತ ತಿಳದಾರವಾ?" ಎಂದರು. "ನಮ್ಮನ್ಯಾಗ ಇಲ್ಲರಿ," ಎಂದೆ. "ಪುಣ್ಯಾ ಮಾಡ್ಯಾರ. ಇಲ್ಲೆ ಕಾಳಿಗೆ ಜಾಗ ಇಲ್ಲ," ಎಂದು ಅವರೇ ನಕ್ಕುಬಿಟ್ಟರು.

ಓದಲು ಒಯ್ಯುವವರು ಏನಾದರೊಂದು ವಸ್ತುವನ್ನು ಒತ್ತೆಯಿಡಬೇಕೆಂಬುದು ಮಾವನವರ ನೇಮ. ರೋಣದವರೊಬ್ಬರು ಪುರಾಣದ ಕಟ್ಟು ಒಯ್ದು ಹಿತ್ತಾಳೆಯ ತಂಬಿಗೆ ಇಟ್ಟು ಹೋಗಿದ್ದರು. ಅತ್ತೆಗೆ ಆ ತಂಬಿಗೆ ಕೈಗೆ ಬಹಳ ಹೊಂದಿತು. ಪುರಾಣ ಲಗೂ ಮುಗಿಯದಿರಲಿ ಎಂದು ದೇವರಿಗೆ ಹೇಳಿಕೊಳ್ಳುತ್ತಿದ್ದರು.

ಎಲ್ಲಕ್ಕಿಂತ ಹೆಚ್ಚು ಓಡಾಡುತ್ತಿದ್ದದ್ದು ಔಷಧದ ಕಟ್ಟು. ಮಾವನವರ ತಂದೆ ಬರೆಸಿದ್ದು. ನರಗುಂದದಲ್ಲಿ, ಗಜೇಂದ್ರಗಡದಲ್ಲಿ ಯಾರಿಗಾದರೂ ಹೊಟ್ಟೆಬೇನೆ, ಕೂಸಿಗೆ ಜ್ವರ ಎಂದರೆ ಇದರಿಂದಲೇ ಬರೆದುಕೊಂಡು ಹೋಗುತ್ತಿದ್ದರು. ತಿರುಗಿ ತಿರುಗಿ ಅದು ಹಣ್ಣಾಗಿತ್ತು. ಹೊಸದನ್ನು ಬರೆಸಿ ಹಳೆಯದನ್ನು ಹೊಳೆಗೆ ಬಿಡಬೇಕೆಂದಾಯಿತು. ಅದು ನಮ್ಮ ಕಡೆಯ ಪದ್ಧತಿ. ಪುಸ್ತಕವನ್ನು ಸುಡುವಂತಿಲ್ಲ, ತಿಪ್ಪೆಗೆ ಹಾಕುವಂತಿಲ್ಲ. ಪೂಜೆ ಮಾಡಿ ನೀರಿಗೆ ಬಿಡಬೇಕು. ಹಳೆಯದು ಮೂಲ, ಹೊಸದು ಪ್ರತಿ. ಮೊಸರು ಮುಗಿಯುವ ಮೊದಲು ಹೆಪ್ಪಿಗೆ ಅಷ್ಟು ತೆಗೆದಿಟ್ಟ ಹಾಗೆ ಎಂದು ನಾನು ತಿಳಿದುಕೊಂಡೆ. ಹೆಪ್ಪು ಕೆಟ್ಟರೆ ಮುಂದಿನ ಮೊಸರೆಲ್ಲ ಕೆಟ್ಟಿತು.

ಬರೆಯಲು ನರಗುಂದದಿಂದ ಶಿವಲಿಂಗಯ್ಯನವರು ಬಂದರು. ಕಬ್ಬಿಣದ ಮುಳ್ಳಿನಿಂದ ಗರಿಯ ಮೇಲೆ ಗೀರಿ ಬರೆಯುತ್ತಿದ್ದರು. ಬರೆದದ್ದು ಹಾಗೇ ಕಾಣುವುದಿಲ್ಲ. ಕಾಡಿಗೆ ಒರೆಸಿದರೆ ಅಕ್ಷರ ಎದ್ದು ಬರುತ್ತದೆ. ಆ ಕಾಡಿಗೆ ಒರೆಸುವ ಕೆಲಸ ನನ್ನದು. ಹಳೆಯ ಗರಿಗಳನ್ನು ಬಿಡಿಸಿ ಧೂಳು ಝಾಡಿಸುವವಳೂ ನಾನೇ. ಒಂದಕ್ಷರ ಬಾರದಿದ್ದರೂ ಯಾವ ಗರಿಯಲ್ಲಿ ಹುಳ ಎಲ್ಲಿ ತಿಂದಿದೆ ಎಂಬುದು ನನಗೆ ನಮ್ಮ ಮನೆಯ ಎಮ್ಮೆಗಳ ಮೈಯ ಗುರುತಿನ ಹಾಗೆ ಗೊತ್ತಿತ್ತು.

ಬರೆದು ಮುಗಿದ ಮೇಲೆ ತಾಳೆ ನೋಡುವುದು. ಒಬ್ಬರು ಮೂಲ ಹಿಡಿದು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪ್ರತಿಯ ಮೇಲೆ ಬೆರಳಿಟ್ಟು ಕೇಳುತ್ತ ಹೋಗಬೇಕು. ಒಂದೇ ಒರಳಿನಲ್ಲಿ ಇಬ್ಬರು ಒನಕೆ ಹಾಕುವಂಥದು. ಒಬ್ಬರು ತಪ್ಪಿದರೂ ಏಟು. ಮೂಲವನ್ನು ಮನೆಯ ಯಜಮಾನರೇ ಹಿಡಿಯಬೇಕು, ವ್ಯತ್ಯಾಸ ಬಂದಲ್ಲಿ ಮೂಲ ಹಿಡಿದವರ ಮಾತೇ ಖರೆ. ಮಾವನವರು ಗೋಡೆಗೆ ಒರಗಿ, ಗರಿಯನ್ನು ಎದೆಯ ಮಟ್ಟಕ್ಕೆ ಹಿಡಿದು, ನೀರು ಹರಿದ ಹಾಗೆ ಓದಿದರು. ನಾನು ಬಾಗಿಲ ಹಿಂದೆ ಕಾಡಿಗೆ ಅರೆಯುತ್ತಿದ್ದೆ. ಬಸುರಿ ನಾದಿನಿ ಗಂಗವ್ವ ಹೆರಿಗೆಗೆ ಬಂದವಳು ನನ್ನ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು.

ಹೊರಗೆ ಅಯ್ಯನವರು ಇದ್ದಕ್ಕಿದ್ದ ಹಾಗೆ, "ಗೌಡ್ರ, ಇಲ್ಲೆ ಹುಳಾ ತಿಂದಿತ್ತಂತ ನಾ ಖಾಲಿ ಬಿಟ್ಟಿದ್ದೆರಿ. ನೀವು ಪೂರಾ ಓದಿದ್ರಿ! ನಿಮ್ಮ ಕಣ್ಣಂದ್ರ ಕಣ್ಣು!" ಎಂದರು.

ನನಗೆ ಆ ಗರಿ ಗೊತ್ತಿತ್ತು. ಅಲ್ಲಿ ಓದಲು ಏನೂ ಉಳಿದಿರಲಿಲ್ಲ. ಹೆಬ್ಬೆರಳು ತೂರುವಷ್ಟು ತೂತು.

ಸ್ವಲ್ಪ ಹೊತ್ತಿಗೆ ಮತ್ತೆ ಅಯ್ಯನವರ ದನಿ. "ಹೊಟ್ಟಿ ಉಬ್ಬರದ ಕಷಾಯ, ಚಿತ್ರಮೂಲದ ಬೇರಿಂದು. ಇದರ ಕಡೀಗೆ ನಾ ‘ಬಸುರಿಗೆ ಕೂಡದು’ ಅಂತ ಬರದೇನ್ರಿ. ನೀವು ಓದಲಿಲ್ಲ. ಮೂಲದಾಗ ಐತೇನ್ರಿ?"

"ಇದ್ದಿದ್ರ ಓದತಿದ್ದಿಲ್ಲೇನ್ರಿ ಅಯ್ಯನವರ?"

"ಹಂಗಾರ ನಂದ ತಪ್ಪು. ಹೊಡದು ಹಾಕ್ತೀನ್ರಿ."

ಮುಳ್ಳು ಗರಿಯ ಮೇಲೆ ಕಿರ್ ಎಂದದ್ದು ಒಳಗಿನವರೆಗೆ ಕೇಳಿಸಿತು. ಗಂಗವ್ವ, "ವೈನಿ, ಹೊರಗ ಬಸುರಿ ಅಂದಂಗಾತು, ಅಪ್ಪಾ ನನ್ನ ಕರದ್ರೇನ?" ಎಂದಳು. ನನ್ನ ಕೈಯ ಕಾಡಿಗೆ ಸೀರೆಗೆಲ್ಲ ಮೆತ್ತಿತು.

ಅತ್ತೆಗೆ ಹೇಳಿದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಅವರಿಗೆ ಕಾಣಂಗಿಲ್ಲಂತ ನಿನಗ ಈಗ ಗೊತ್ತಾತೇನ? ತಂಬಿಗಿ ದಿನಾ ಬಲಗಡೇನ ಯಾಕ ಇಡತೀನಿ ಅಂತ ತಿಳದಿದ್ದಿ?"

"ನಾಳೆ ಮೂಲ ಹೊಳಿಗೆ ಹೋಗತೈತ್ರಿ ಅತ್ತಿಯಾರ. ಪ್ರತಿ ತಪ್ಪೈತಿ. ಯಾರರೆ ನೋಡಿ ಬಸುರಿಗೆ ಕೊಟ್ರಂದ್ರ?"

"ಓದಬಲ್ಲವನ ಮನ್ಯಾಗ ಕಟ್ಟು ಇರಬೇಕಂತ ಹಿರ್ಯಾರು ಮಾತಾಡ್ಯಾರ. ನಿನ್ನ ಗಂಡಗ ಅಕ್ಷರ ಬರಂಗಿಲ್ಲ. ಗಜೇಂದ್ರಗಡದ ಮೈದುನಗ ಸುದ್ದಿ ಮುಟ್ಟಿತಂದ್ರ ಸೀರಿ ಅಂಗಡಿ ಬಿಟ್ಟು ಗಾಡಿ ತರ್ತಾನ, ಎಲ್ಲಾ ಹೇರಿಕೊಂಡು ಹೋಗ್ತಾನ. ಆಮ್ಯಾಲೆ ಇವರು ಕುಂತು ಏನ್ ಮಾಡಬೇಕು? ಗ್ವಾಡಿ ನೋಡಬೇಕಾ? ಅದೂ ಕಾಣಂಗಿಲ್ಲ." ರೊಟ್ಟಿ ತಿರುವಿ ಹಾಕಿ, ದನಿ ತಗ್ಗಿಸಿ ಅಂದರು: "ಹೇಳೂದಿದ್ರ ನೀನ ಹೇಳು. ನನ್ನ ಕಡಿಂದ ಆಗಲಿಲ್ಲ."

ಸೊಸೆ ಮಾವನ ಎದುರು ನಿಂತು ಮಾತಾಡುವ ಕಾಲ ಅದಲ್ಲ. ಪಡಸಾಲೆಯಲ್ಲಿ ಮೂಲದ ಕಟ್ಟನ್ನು ಗಜೇಂದ್ರಗಡದ ಹೊಸ ಬಟ್ಟೆಯಲ್ಲಿ ಸುತ್ತಿ, ಕುಂಕುಮ ಹಚ್ಚಿ ಇಟ್ಟಿದ್ದರು. ಬಟ್ಟೆಯ ಗಂಟು ಬಿಚ್ಚಿ, ದಾರ ಸಡಿಲಿಸಿ, ಹುಳ ತಿಂದ ಆ ಗರಿಯೊಂದನ್ನೇ ತೆಗೆದೆ. ಬಾಗಿಲ ಮರೆಯಿಂದ ಕೈ ಚಾಚಿ, ಹೊರಗೆ ಕಟ್ಟೆಯ ಮೇಲೆ ಒರಗಿದ್ದ ಮಾವನವರ ಕೈಗೆ ಕೊಟ್ಟೆ.

"ಇದೊಂದು ಗರಿ ಓದ್ರಿ, ಮಾಂವಾರ."

ಮಾವನವರು ಗರಿಯನ್ನು ಎದೆಯ ಮಟ್ಟಕ್ಕೆ ಹಿಡಿದರು. ಸಾಲಿನಿಂದ ಬಿಡಿಸಿ ತಂದ ಗರಿ. ಎಲ್ಲಿಂದ ಶುರು ಮಾಡಬೇಕು ಎಂಬುದು ಅವರಿಗೆ ತಿಳಿಯುವಂತಿರಲಿಲ್ಲ. ಸುಮ್ಮನೆ ಅಂಚಿನ ಮೇಲೆ ಬೆರಳಾಡಿಸಿದರು. ಹೆಬ್ಬೆರಳು ತೂತಿನೊಳಗೆ ಹೋಯಿತು, ಅಲ್ಲೇ ನಿಂತಿತು.

"ಇದನ್ನ ನಾ ಓದಿದೆನ?"

"ಓದಿದ್ರಿ. ತೂತ ಇಲ್ಲದಂಗ ಓದಿದ್ರಿ."

ಹೆಬ್ಬೆರಳನ್ನು ಹೊರಗೆಳೆದು, "ಅಯ್ಯನವರು ಏನೇನ್ ಹೊಡದಾರ?" ಎಂದರು.

"ನನಗ ಓದಾಕ ಬರಂಗಿಲ್ರಿ. ಒಂದು ಕೇಳಿಸಿಕೊಂಡೇನಿ. ಬಸುರಿಗೆ ಕೂಡದು ಅನ್ನೂದು ಹೊಡದಾರ."

ಒರಗಿದವರು ನೆಟ್ಟಗೆ ಕುಳಿತರು. "ಅದು ಐತಿ! ನಮ್ಮಪ್ಪ ಮುದ್ದಾಂ ಹೇಳಿ ಬರಸಿದ್ದ ಅದು."

"ಮತ್ತ ನೀವ್ಯಾಕ ಓದಲಿಲ್ರಿ?"

"ಓದಲಿಲ್ಲವಾ," ಎಂದರು ಮಾವನವರು. "ಹಾಡಿದೆ. ಸಣ್ಣಾಂವ ಇದ್ದಾಗಿಂದ ಬಾಯಿಪಾಠ. ಹಾಡಿಗೆ ಬಾಲಾ ಬ್ಯಾಡಾತು."

ನನಗೆ ಅಯ್ಯೋ ಅನಿಸಿತು. ಆದರೆ ಅಯ್ಯೋ ಎನ್ನುತ್ತ ಕುಳಿತರೆ ಮರುದಿನ ಗಾಡಿ ಹೋಗುತ್ತಿತ್ತು. "ಕೊಣ್ಣೂರಾಗ ಹೊಳಿ ತುಂಬೈತಂತ ಹೇಳಿಸ್ರಿ. ನನಗ ಅಕ್ಷರ ಕಲಸ್ರಿ. ನಾ ಓದ್ತೀನಿ, ನೀವು ಕೇಳ್ರಿ," ಎಂದೆ. ಆ ಧೈರ್ಯ ಎಲ್ಲಿಂದ ಬಂತೋ ಕಾಣೆ. ಬಾಗಿಲು ಅಡ್ಡ ಇದ್ದದ್ದು ಒಳ್ಳೆಯದಾಯಿತು.

"ಈ ವರ್ಷ ಹೊಳಿಗೆ ಬ್ಯಾಡಂತ," ಎಂದು ಮಾವನವರು ಹೊರಗೆ ಹೇಳಿಸಿದರು. ಜನ ಅದಕ್ಕೆ ಕೈಕಾಲು ಹಚ್ಚಿದರು. ಪೂಜೆಯಾದ ಕಟ್ಟು ಮನೆಯಲ್ಲೇ ಉಳಿದರೆ ಏನಾದರೊಂದು ಕಾರಣ ಬೇಕಲ್ಲ.

ಪರಾತದಲ್ಲಿ ಒಲೆಯ ಬೂದಿ ಹರವಿ ಅಕ್ಷರ ತಿದ್ದಿದೆ. ಮಾವನವರು ಹೆಸರು ಹೇಳುವರು, ನಾನು ಬರೆಯುವೆ, ಸರಿಯೋ ತಪ್ಪೋ ಎಂದು ಅವರು ಬೆರಳಿಂದ ಸವರಿ ನೋಡುವರು. ನನ್ನ ‘ಳ’ ನೋಡಿ, ಮುಟ್ಟಿ ಎನ್ನಬೇಕು, "ಇದು ಜಿಲೇಬಿ ಆತವಾ," ಎಂದರು. ನನ್ನ ಓದು ಇವತ್ತಿಗೂ ಅಷ್ಟಕ್ಕಷ್ಟೆ. ಮುಂದಿನ ಸಾಲು ಏನಿರಬಹುದೆಂದು ಊಹಿಸಲು ಬಾರದು. ಇದ್ದದ್ದು ಇದ್ದ ಹಾಗೆ, ಒಂದೊಂದೇ ಅಕ್ಷರ ಹೆಕ್ಕುವುದು. ಆ ಕೆಲಸಕ್ಕೆ ಅದೇ ಬೇಕಾಗಿತ್ತು.

ಗಂಗವ್ವ ಗಂಡು ಹೆತ್ತು ಬಾಣಂತನ ಮುಗಿಸಿದ ಮೇಲೆ ಶಿವಲಿಂಗಯ್ಯನವರು ಮತ್ತೆ ಬಂದರು. "ಸೊಸಿಗೆ ರೂಢಿ ಆಗಲಿ ಅಂತ ಓದಸ್ತೀನ್ರಿ," ಎಂದರು ಮಾವನವರು. ಅಯ್ಯನವರು ಬಾಗಿಲ ಕಡೆ ಕತ್ತೆತ್ತಿ ನೋಡಲಿಲ್ಲ, ಯಾಕೆಂದೂ ಕೇಳಲಿಲ್ಲ. ದೊಡ್ಡ ಮನುಷ್ಯ. ಹುಳ ತಿಂದಲ್ಲಿ ನಾನು ನಿಂತೆ. ಮಾವನವರು ತಮಗೆ ಗೊತ್ತಿದ್ದುದನ್ನು ಹೇಳಲಿಲ್ಲ. "ಅಲ್ಲೆ ಗ್ರಂಥಪಾತ ಅಂತ ಹಾಕ್ರಿ," ಎಂದರು. ಇಲ್ಲಿಯದು ಹೋಗಿದೆ, ನಮಗೆ ಗೊತ್ತಿಲ್ಲ ಎಂದು ಬರೆಯಲಿಕ್ಕೂ ಒಂದು ಮಾತಿದೆ ಎಂಬುದು ನನಗೆ ಅಂದು ತಿಳಿಯಿತು. ಮುಂದೆ ಆ ಕಷಾಯ ಬಂತು. "ಬ... ಸು... ರಿ... ಗೆ..." ಎಂದೆ. ಮಾವನವರು ಕೈ ಮೇಲೆತ್ತಿದರು. ಅಯ್ಯನವರು ಹೊಡೆದ ಗೀಟಿನ ಮೇಲೆ, ಇಕ್ಕಟ್ಟಿನಲ್ಲಿ, ಸಣ್ಣಗೆ ಮತ್ತೆ ಬರೆದರು. ಮರುವರ್ಷ ಮೂಲವನ್ನು ಹೊಳೆಗೆ ಬಿಟ್ಟೆವು. ಹೊಳೆ ಸುಮ್ಮನೆ ತೆಗೆದುಕೊಂಡು ಹೋಯಿತು. ಅದು ಯಾರಿಗೂ ನೆನಪಿಲ್ಲ.

ಮೊನ್ನೆ ಮಾಸ್ತರರು ಬೆರಳಿಟ್ಟದ್ದು ಆ ಇಕ್ಕಟ್ಟಿನ ಜಾಗದ ಮೇಲೆಯೇ.

"ಇಲ್ಲೆ ನೋಡಪಾ. ಒಮ್ಮಿ ಬರದು ಹೊಡದಾರ, ಮತ್ತ ಮ್ಯಾಲೆ ಬರದಾರ. ಅಂದ್ರ ಅವರ ಮುಂದ ಎರಡು ಮೂಲ ಇದ್ದಿರಬೇಕು. ಕೆಲವು ವೈದ್ಯರು ಬಸುರಿಗೂ ಕೊಡತಿದ್ರು, ಕೆಲವರು ಬ್ಯಾಡ ಅಂತಿದ್ರು. ಭಾಳ ಚಲೋ ಪಾಠಾಂತರ!"

"ಛಾಪಿಸೂವಾಗ ಯಾವುದು ಹಾಕ್ತೀರಿ?" ಎಂದು ನಾನು ಕೇಳಿದೆ.

"ಎರಡೂ ಹಾಕಬೇಕು ಆಯಿ, ಅದು ನೇಮ. ಓದೋರು ವಿಚಾರ ಮಾಡಿ ಆರಿಸ್ಕೋತಾರ."

"ಹೊಟ್ಟಿ ಉಬ್ಬಿದ ಬಸುರಿ ಕುಂತು ಆರಿಸ್ಕೋಬೇಕೇನ್ರಿ?"

ಮಾಸ್ತರರು ಮತ್ತೆ ನಕ್ಕರು. ಅವರ ತಪ್ಪೇನೂ ಇಲ್ಲ. ಗರಿ ಹೇಳಿದ್ದನ್ನು ಅವರು ಓದಿದರು. ಗರಿಗೆ ಮಾವನವರ ಕಣ್ಣಿನ ಸುದ್ದಿ ಗೊತ್ತಿಲ್ಲ. ಅಷ್ಟರಲ್ಲಿ ಮೊಮ್ಮಗ ಹೊಳೆಯ ಕಥೆ ಶುರು ಮಾಡಿದ. ಮುತ್ತಜ್ಜನ ಹೆಸರು ಹೇಳುವಾಗ ಅವನ ಎದೆ ಎಷ್ಟು ಉಬ್ಬಿತ್ತೆಂದರೆ, ನಾನು ಬಾಯಿ ಮುಚ್ಚಿಕೊಂಡೆ. ಅತ್ತೆ ಹೋದರು, ಗಂಗವ್ವ ಹೋದಳು, ಗಜೇಂದ್ರಗಡದ ಅಂಗಡಿಯೂ ಮುಚ್ಚಿತು. ಮಾವನವರ ಕಣ್ಣಿನ ಮಾತು ತಿಳಿದವಳು ನಾನೊಬ್ಬಳೇ. ಅದನ್ನು ಜೊತೆಗೇ ಒಯ್ಯಬೇಕೆಂದಿದ್ದೆ. ಆದರೆ ಆ ದಿನ ಬಾಗಿಲ ಆಚೆ ಕುಳಿತ ಮಾವನವರು ನೆಟ್ಟಗಾದದ್ದು ತಮ್ಮ ಮಾನಕ್ಕಲ್ಲ, ಆ ಎರಡು ಮಾತಿಗೆ. ನನಗೆ ಹೆಚ್ಚು ವಿಚಾರ ಮಾಡುವ ರೂಢಿಯಿಲ್ಲ. ಉಂಡು, ಚೆನ್ನಾಗಿ ನಿದ್ದೆ ಮಾಡಿದೆ.

ಮರುದಿನ ಮುಂಜಾನೆ ಕೋಲು ಹಿಡಿದು ಮಾಸ್ತರರು ಇಳಿದುಕೊಂಡಿದ್ದ ಚಾವಡಿಗೆ ಹೋದೆ. ಅವರು ಗಂಟು ಕಟ್ಟುತ್ತಿದ್ದರು. "ಬಿಚ್ರಿ," ಎಂದೆ. ಬಿಚ್ಚಿದರು. ನಡೆದದ್ದನ್ನೆಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಇದನ್ನ ಕೆಳಗ ಟಿಪ್ಪಣಿ ಹಾಕ್ತೀನಿ ಆಯಿ. ಆದ್ರ ಆಕರ ಬೇಕಲ್ರಿ. ಎಲ್ಲಿಂದ ಗೊತ್ತಾತು ಅಂತ ಬರೀಬೇಕು."

"ಓದಿದಾಕಿ ಹೇಳಿದ್ಲು ಅಂತ ಬರೀರಿ."

ಬರೆದರು. ಶಾಯಿ ಆರುವವರೆಗೆ ನಿಂತು, ಕಾಗದ ಇಸಿದುಕೊಂಡು, ಬೆರಳಿಟ್ಟು ಒಂದೊಂದೇ ಅಕ್ಷರ ಓದಿದೆ. ಅವರಿಗೆ ಹೊತ್ತಾಗುತ್ತಿತ್ತು, ಗಾಡಿಯವನು ಎರಡು ಸಲ ಕೂಗಿದ. ‘ಕೂಡದು’ ಎಂಬಲ್ಲಿಗೆ ಮುಟ್ಟಿದ ಮೇಲೆ ಕಾಗದ ತಿರುಗಿ ಕೊಟ್ಟು, "ಇನ್ನ ಹೋಗ್ರಿ," ಎಂದೆ.