ವಿಯೆನ್ನಾದಲ್ಲಿ ಒಂದು ಶನಿವಾರ

ಶನಿವಾರ ತಿಮ್ಮಪ್ಪನ ವಾರ, ಅವತ್ತು ಮದ್ಯ ಮುಟ್ಟಬಾರದು. ನಮ್ಮ ಪಾಂಡವಪುರದ ಕಡೆ ವಾರವಿಡೀ ಕುಡಿಯುವವರೂ ಇದನ್ನು ಮೀರುವುದಿಲ್ಲ. ಸಕ್ಕರೆ ಕಾರ್ಖಾನೆಯ ಹೊಸ ಯಂತ್ರದ ಕೆಲಸ ಕಲಿಯಲು ತೊಂಬತ್ತರ ದಶಕದಲ್ಲಿ ವಿಯೆನ್ನಾಕ್ಕೆ ಹೋಗಿದ್ದ ನಾವು ಮೀರಿದೆವು.

ಅಲ್ಲಿ ಮೂರು ವಾರ ನನ್ನ ಕೈಕೆಳಗಿನ ಮೂವರೂ ಶನಿವಾರ ಬಿಟ್ಟರೆ ದಿನಾ ಸಂಜೆ ಬಾರುಗಳನ್ನು ಸುತ್ತುತ್ತಿದ್ದರು. ಕೆಲಸದಲ್ಲಿ ಬಿಗಿಯಾಗಿದ್ದ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಹೋಟೆಲಿನ ಕೋಣೆಯಲ್ಲಿ ಒಬ್ಬನೇ ಬ್ರೆಡ್ಡು ತಿನ್ನುತ್ತಿದ್ದೆ. ಕೊನೆಯ ಶನಿವಾರ ಕರೆದರು.

ಕಿತ್ತಳೆ ಹೋಳು ಸಿಕ್ಕಿಸಿದ ಕಾಕ್‌ಟೇಲ್ ಗ್ಲಾಸುಗಳು ಬಂದವು. ಫಿಟ್ಟರ್ ನಿಂಗೇಗೌಡ ಮುಟ್ಟಲಿಲ್ಲ. "ಇವತ್ತು ಶನಿವಾರ ಕಣ್ರಲಾ."

"ಲೇ, ಊರಲ್ಲಿ ಆಗ್ಲೇ ಭಾನುವಾರ ಆಗೋಗದೆ ಕಣ್ಲಾ! ಬೇಕಾದ್ರೆ ಸಾಹೇಬ್ರನ್ನ ಕೇಳು," ಎಂದ ಚಂದ್ರ.

ನನ್ನನ್ನು ಕರೆದದ್ದು ಯಾಕೆಂದು ಆಗ ತಿಳಿಯಿತು. ಆದರೂ ಎದ್ದು ಹೋಗಲು ಮನಸ್ಸಾಗಲಿಲ್ಲ. ಗಡಿಯಾರ ನೋಡಿ, "ಇನ್ನೂ ಆಗಿಲ್ಲ. ಹತ್ತು ನಿಮಿಷ ಕಾಯಿರಿ," ಎಂದೆ.

ಎಲ್ಲರೂ ಕಾದರು. ಎಂಟೂವರೆಗೆ, ಹೊರಗೆ ಇನ್ನೂ ಬಿಸಿಲಿರುವಾಗಲೇ, ಪಾಂಡವಪುರದಲ್ಲಿ ರಾತ್ರಿ ಹನ್ನೆರಡಾಗಿ ಭಾನುವಾರ ಬಂತೆಂದು ಘೋಷಿಸಿ ನಾನೇ ಮೊದಲು ಗ್ಲಾಸು ಎತ್ತಿದೆ. ಚಂದ್ರ ನನ್ನ ಬೆನ್ನು ತಟ್ಟಿ, "ಅಂಗನ್ನಿ ಸಾ!" ಎಂದ. ಆ ಊರಿಗೆ ಹೋದಮೇಲೆ ಒಬ್ಬರು ನನ್ನನ್ನು ಮುಟ್ಟಿ ಮಾತಾಡಿಸಿದ್ದು ಅದೇ ಮೊದಲು.

"ನೀವಾದ್ರೂ ಬ್ಯಾಡ ಅಂತೀರಾ ಅಂತ ನಿಮ್ಮ ಪಕ್ಕ ಕುಂತಿದ್ದೆ ಸಾ," ಎಂದ ನಿಂಗೇಗೌಡ. ತನ್ನ ಗ್ಲಾಸನ್ನು ನನ್ನ ಮುಂದಕ್ಕೆ ಸರಿಸಿ ಎದ್ದ. ಆ ಬಾರಿನಿಂದ ಒಬ್ಬನೇ ಹೋಟೆಲಿಗೆ ಮರಳುವ ದಾರಿ ಅವನಿಗೆ ಗೊತ್ತಿರಲಿಲ್ಲ. ಬಾಗಿಲ ಬಳಿಯ ಖಾಲಿ ಮೇಜಿಗೆ ಹೋಗಿ, ನಾವು ಕುಡಿದು ಮುಗಿಸುವವರೆಗೂ ನಮಗೆ ಬೆನ್ನು ಹಾಕಿ ಕುಳಿತ.